ಬಲೆಯೊಳಗೆ ಉಳಿದ ಮರಿಗಳು

ತಮಿಳುನಾಡಿನ ಕಂಬಂ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ನೆಲಕ್ಕೆ ಬಿದ್ದ ಹಕ್ಕಿಮರಿ ಯಾರ ಕೈಗೆ ಸಿಕ್ಕರೂ ಅದು ಬರುವುದು ವೆಳ್ಳೈಯಮ್ಮಾಳ್ ಅಕ್ಕನ ಮುಂದೆ. ಮೂವತ್ತು ವರ್ಷ ಚಪ್ಪರದ ಕೆಳಗೆ ಮುಖ ಮೇಲೆತ್ತಿ ಗೊಂಚಲು ಬಿಡಿಸಿದವಳ ಕತ್ತು ಹಾಗೆಯೇ ನಿಂತುಹೋಗಿದೆ. ನಮ್ಮನ್ನು ಬೈಯುವಾಗಲೂ ಆಕಾಶಕ್ಕೆ ದೂರು ಹೇಳುವಂತೆ ಕಾಣುತ್ತದೆ. ಮರಿಯ ವಿಷಯದಲ್ಲಿ ಮಾತ್ರ ತೀರ್ಪು ಚಿಕ್ಕದು: ಪುಕ್ಕ ಬಾರದ್ದನ್ನು ಗೂಡಿಗೆ ಹಾಕು, ಪುಕ್ಕ ಬಂದು ಕುಪ್ಪಳಿಸುವುದನ್ನು ಬಿಟ್ಟು ದೂರ ಹೋಗು, ರಕ್ತವೋ ಇರುವೆಯೋ ಕಂಡರೆ ಕೈ ಹಾಕು. ಚಿಕ್ಕಂದಿನಲ್ಲಿ ತಾನೇ ಒಂದು ಮರಿಗೆ ಹಾಲನ್ನ ತುರುಕಿ ಕೊಂದಿದ್ದಳಂತೆ.

ನಾನು ಗುತ್ತಿಗೆ ಹಿಡಿದಿದ್ದ ತೋಟದ ಕೊಯ್ಲಿಗೆ ನಾಲ್ಕು ದಿನವಿತ್ತು. ಗಿಳಿ, ಮೈನಾಗಳು ವ್ಯಾಪಾರಿಗಿಂತ ಮೊದಲೇ ಸರಕು ಎತ್ತುತ್ತಿದ್ದವು. ಬೆಳಿಗ್ಗೆಯೇ ಆಳುಗಳಿಂದ ಚಪ್ಪರದ ಮೇಲೂ ಸುತ್ತಲೂ ನೈಲಾನ್ ಬಲೆ ಕಟ್ಟಿಸಿದೆ.

ಹತ್ತು ಗಂಟೆಗೆ ಕೂಲಿಯ ಮಣಿಮೇಗಲೈ ಕೂಗಿದಳು. ಬಳ್ಳಿಯ ಬುಡದಲ್ಲಿ ಮೂರು ಪಿಕಳಾರದ ಮರಿಗಳು. ಪುಕ್ಕ ಬಂದಿತ್ತು, ಬಾಲ ಇನ್ನೂ ಮೊಟಕು.

"ಪಾವಂ ಅಕ್ಕಾ, ಪಾಪದವು! ಕ್ರೇಟಲ್ಲಿ ಮಡಗಿ ಮನೆಗೆ ಕೊಂಡೋಗ್ತೀನಿ."

"ಮುಟ್ಟಬ್ಯಾಡ ಕಣೇ. ನಿನ್ ಗಂಡನಿಗೇ ಹೊತ್ತಿಗೆ ಕೂಳು ಹಾಕಲ್ಲ, ಇದಕ್ಕೆ ಹುಳ ಹುಡುಕ್ತೀಯಾ?" ಎಂದಳು ವೆಳ್ಳೈಯಮ್ಮಾಳ್ ಅಕ್ಕ.

ಎಲ್ಲರೂ ನಕ್ಕರು, ಮಣಿಮೇಗಲೈ ಕೂಡ.

"ತಾಯಿ ಕೂಗ್ತಾ ಅದೆ, ಕೇಳು. ನಾವು ದೂರ ಹೋದ್ರೆ ಬತ್ತದೆ. ನಡೀರಿ."

ದಿನವಿಡೀ ಅಕ್ಕ ಯಾರನ್ನೂ ಆ ಸಾಲಿಗೆ ಬಿಡಲಿಲ್ಲ.

ನಾಲ್ಕು ಗಂಟೆಗೆ ಹೋಗಿ ನೋಡಿದರೆ ಒಂದು ಮರಿ ಸತ್ತು ಇರುವೆ ಮುತ್ತಿತ್ತು. ಇನ್ನೆರಡು ಕಣ್ಣು ಮುಚ್ಚಿದ್ದವು. ಅಕ್ಕ ಕಲ್ಲುಕಂಬದ ಹಿಂದೆ ಕೂತು ಕಾದಳು. ತಾಯಿ ಬಂದಿತು. ಕೊಕ್ಕಿನಲ್ಲಿ ಹುಳ. ಬಲೆಗೆ ಬಡಿದು, ಜೋತು, ಜಾರಿ, ಇನ್ನೊಂದು ಕಡೆಯಿಂದ ಬಂದು ಮತ್ತೆ ಬಡಿಯಿತು. ಹಣೆಯ ಪುಕ್ಕ ಸವೆದಿತ್ತು.

ಬಲೆ ಕಟ್ಟಿದವರಲ್ಲಿ ಅಕ್ಕನೂ ಒಬ್ಬಳು.

"ತಂಬೀ, ಈ ಮೂಲೆ ಬಿಚ್ಚು."

"ಗಿಳಿ ನುಗ್ತದೆ ಅಕ್ಕಾ. ಮರಿಗಳನ್ನೇ ಹೊರಗಿಟ್ರೆ ಆಯ್ತಲ್ಲ?" ಎಂದೆ. ಒಳ್ಳೆಯ ಉಪಾಯವೆಂದು ಒಳಗೊಳಗೇ ಬೀಗಿದೆ.

ಆಕೆ ಎರಡನ್ನೂ ಕೈಗೆತ್ತಿಕೊಂಡು, ಬಲೆಯ ಅಂಚಿನಡಿ ನುಸುಳಿ, ಹೊರಗಿನ ಬೇಲಿಗೆ ಒಯ್ದಳು. ಅಷ್ಟರಲ್ಲಿ ಒಂದರ ಕತ್ತು ಅಂಗೈಯಲ್ಲೇ ವಾಲಿತು. ಇನ್ನೊಂದನ್ನು ಕೊಂಬೆಯ ಮೇಲಿಟ್ಟು ಹಿಂದೆ ಸರಿದಳು. ತಾಯಿ ಹುಳ ತಂದು ಕೊಕ್ಕಿಗೆ ಕುಟ್ಟಿತು. ಮರಿ ಬಾಯಿ ತೆರೆಯಲಿಲ್ಲ. ಮೂರನೆಯ ಸಲ ತೆರೆಯಿತು.

"ಬೆಳಿಗ್ಗೇನೇ ನನ್ ಕೈಗೆ ಬಿಟ್ಟಿದ್ರೆ..." ಎಂದಳು ಮಣಿಮೇಗಲೈ.

"ನಿನ್ ಕೈಲೂ ಸಾಯ್ತಿದ್ವು. ಆದ್ರೆ ಇವು ಸತ್ತಿದ್ದು ನನ್ ಮಾತಿಗೆ."

ಮರುದಿನ ಬೇಲಿಯ ಮೇಲೆ ಮರಿ ಇರಲಿಲ್ಲ. ಹಾರಿತೋ, ಬೆಕ್ಕು ಒಯ್ದಿತೋ, ನಾವು ಅಕ್ಕನನ್ನು ಕೇಳಲಿಲ್ಲ. ಪಕ್ಕದ ತೋಟಕ್ಕೆ ಬಲೆ ಕಟ್ಟುವ ಮೊದಲು ಆಕೆ ಒಬ್ಬಳೇ ಸಾಲು ಸಾಲೂ ಗೂಡು ಹುಡುಕಿದಳು. ಮಧ್ಯಾಹ್ನವಾಯಿತು. ಆಳುಗಳು ಬಲೆಯ ಸುರುಳಿಯ ಮೇಲೆ ಕೂತಿದ್ದರು. ನಾನೂ ಅವರ ಪಕ್ಕ ಕೂತು ಆಕೆ ಬರಲೆಂದು ಕಾದೆ.