ಕಾಲಡಿಯ ಸಲಾಕೆ

ನನ್ನ ದೊಡ್ಡಮ್ಮನಿಗೆ ಕಿವಿ ಕೇಳಿಸುವುದಿಲ್ಲವೆಂದು ಯಾರಾದರೂ ಅಯ್ಯೋ ಪಾಪ ಎಂದರೆ ನನಗೆ ಮೈ ಉರಿಯುತ್ತದೆ. ಅವಳಿಗಂತೂ ಕನಿಕರ ಎಂದರೆ ಆಗಿಬರುವುದೇ ಇಲ್ಲ. ಊರಿಗೆ ನೀರು ತಳ್ಳುವ ಪಂಪ್‌ಹೌಸಿನಲ್ಲಿ ಆಳೆತ್ತರದ ಎರಡು ಡೀಸೆಲ್ ಇಂಜಿನ್‌ಗಳಿವೆ. ಒಂದು ಓಡುವಾಗ ಇನ್ನೊಂದನ್ನು ಬಿಚ್ಚಿ ರಿಪೇರಿ ಮಾಡಬೇಕು, ಏಕೆಂದರೆ ಊರಿಗೆ ಬಾಯಾರಿಕೆ ನಿಲ್ಲುವುದಿಲ್ಲ. ಕೂದಲು ಕಪ್ಪಗಿದ್ದಾಗ ಅಲ್ಲಿ ಕೆಲಸಕ್ಕೆ ಸೇರಿದ ದೊಡ್ಡಮ್ಮ ಅಲ್ಲೇ ಹೆಡ್ ಮೆಕ್ಯಾನಿಕ್ ಆದಳು, ಆ ಸದ್ದಿಗೇ ಕಿವಿಯನ್ನೂ ಕೊಟ್ಟಳು.

ಕಿವಿ ಹೋದ ಮೇಲೆ ಅವಳ ಅಂಗಾಲು ಚುರುಕಾಯಿತು. ತೆಳು ಅಟ್ಟೆಯ ಬೂಟು ಹಾಕಿ ಇಂಜಿನ್ ಪಕ್ಕ ನಿಂತು, ಮೂರನೇ ಸಿಲಿಂಡರ್ ಸೋಮಾರಿಯಾಗಿದೆ ಎನ್ನುತ್ತಾಳೆ. ಕೆಲವು ಸಲ ತಪ್ಪುತ್ತಾಳೆ. ಆಗ ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ, ಇಂಜಿನ್ ಮನಸ್ಸು ಬದಲಾಯಿಸಿತು ಎಂದು ಸಾಧಿಸುತ್ತಾಳೆ. ಮಾತನ್ನು ತುಟಿ ನೋಡಿ ತಿಳಿಯುತ್ತಾಳೆ. ದೊಡ್ಡಪ್ಪನಿಗೆ ಗೊಣಗಬೇಕೆನಿಸಿದರೆ ಪಾಪ, ಗೋಡೆಗೆ ಮುಖ ಮಾಡಿಕೊಂಡು ಗೊಣಗುತ್ತಾನೆ.

ನಾನೂ ಅಲ್ಲೇ ಫಿಟ್ಟರ್. ಆ ಸಲ ಎರಡನೇ ಇಂಜಿನ್ನನ್ನು ರಿಪೇರಿಗೆ ಬಿಚ್ಚಿದ್ದೆವು. ದೊಡ್ಡಮ್ಮ ಅದರ ಬುಡದಲ್ಲಿರುವ ಬಾಗಿಲೊಳಗೆ ಭುಜದವರೆಗೂ ಕೈ ಇಳಿಸಿ ಬೇರಿಂಗ್ ತಡವುತ್ತಿದ್ದಳು. ಆಚೆ ಬದಿಯಲ್ಲಿ ಉದ್ದಣ್ಣ ನಿಂತಿದ್ದ. ಎತ್ತರದಿಂದ ಆ ಹೆಸರು ಪಡೆದ ಫಿಟ್ಟರ್ ಅವನು. ದೊಡ್ಡ ಚಕ್ರದ ತೂತಿಗೆ ಕಬ್ಬಿಣದ ಸಲಾಕೆ ತೂರಿಸಿ, ಅದನ್ನು ಒತ್ತಿ ಇಂಜಿನ್ನನ್ನು ಸ್ವಲ್ಪಸ್ವಲ್ಪವೇ ತಿರುಗಿಸುವುದು ಅವನ ಕೆಲಸ. ತಿರುಗಿಸುತ್ತೇನೆಂದು ಅವನು ಕೂಗಿದ, ಉತ್ತರಕ್ಕೆ ಕಾಯದೆ ಒತ್ತಿಯೂ ಬಿಟ್ಟ. ದೊಡ್ಡಮ್ಮನ ಉಂಗುರದ ಬೆರಳು ಒಳಗೆ ಜಜ್ಜಿಹೋಯಿತು.

ಹೊಸ ಸೂಪರಿಂಟೆಂಡೆಂಟ್ ಕೆಟ್ಟವರೇನಲ್ಲ. ಆದರೆ ಅವರು ಬಟ್ಟೆ ಸುತ್ತಿದ ಬೆರಳನ್ನು ನೋಡಿದರು, ಬೆರಳಿನ ಒಡತಿಯನ್ನು ಬಿಟ್ಟು ನನ್ನ ಹತ್ತಿರ ಮಾತಾಡಿದರು. ನಿಮ್ಮ ದೊಡ್ಡಮ್ಮನಿಗೆ ಹೇಳಿ, ಕೂಗಿದ್ದು ಕೇಳಿಸಲಿಲ್ಲ, ಇನ್ನೊಂದು ಸಲ ಕೈಯೇ ಹೋದೀತು, ನಾಳೆಯಿಂದ ಸ್ಟೋರಿನಲ್ಲಿ ನಟ್ಟು ಬೋಲ್ಟು ನೋಡಿಕೊಳ್ಳಲಿ ಎಂದರು. ನನ್ನ ಮುಖ ಕಂಡ ಕೂಡಲೇ ದೊಡ್ಡಮ್ಮ ಅವರ ಎದುರಿಗೆ ಬಂದು ನಿಂತಳು.

"ಮೀಸೆ ಅಡ್ಡ ಬರ್ತಿದೆ. ನನ್ನ ಕಡೆ ತಿರುಗಿ ಹೇಳಿ," ಎಂದಳು.

ಅವರು ಎಲ್ಲವನ್ನೂ ಮತ್ತೆ ಹೇಳಬೇಕಾಯಿತು. ಆಮೇಲೆ ಅವಳು ಅವರನ್ನು ಎರಡನೇ ಇಂಜಿನ್ನಿನ ಹತ್ತಿರ ಕರೆತಂದು, ಬಾಗಿಲೊಳಗೆ ತಲೆ ಇಟ್ಟು ನಿಲ್ಲಿ, ನಾನು ಕೂಗುತ್ತೇನೆ ಎಂದಳು. ಪಕ್ಕದಲ್ಲಿ ಒಂದನೇ ಇಂಜಿನ್ ಅಬ್ಬರಿಸುತ್ತಿತ್ತು. ಚಕ್ರದ ಬಳಿ ನಿಂತು ದೊಡ್ಡಮ್ಮ ಕೂಗಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಮೀಸೆಯಿಂದ ಶುರುವಾಗಿ ಅವರ ತಾತ ಮುತ್ತಾತಂದಿರನ್ನೂ ಬಿಡಲಿಲ್ಲ. ಅವಳು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಸೂಪರಿಂಟೆಂಡೆಂಟ್ ತಲೆ ಹೊರಗೆ ತೆಗೆದು, ಯಾವಾಗ ಕೂಗುತ್ತೀರಿ ಎಂದು ಕೇಳಿದರು. ಉದ್ದಣ್ಣ ನಗು ತಡೆಯಲಾರದೆ ಕೂತೇಬಿಟ್ಟ.

ದೊಡ್ಡಮ್ಮ ನಗಲಿಲ್ಲ. ಅವರ ಹತ್ತಿರ ಹೋಗಿ ನಿಂತು, "ನನ್ನ ಕಿವಿ ತಿಂದಿದ್ದು ಈ ಇಂಜಿನ್‌ಗಳೇ ಸ್ವಾಮಿ," ಎಂದಳು. "ತಿಂದಾದ್ಮೇಲೆ ಕಿವಿ ಇಲ್ಲ ಅಂತ ನನ್ನೇ ಆಚೆ ಹಾಕ್ತೀರಾ? ನಾನು ಹೋಗಲ್ಲ."

ಅವರ ಮುಖ ಕೆಂಪಾಯಿತು. ಈ ರಿಪೇರಿ ಮುಗಿಯುವವರೆಗೆ ಇರಿ, ಆಮೇಲೆ ಸ್ಟೋರೇ, ನನ್ನ ಮಾತು ಬದಲಾಗುವುದಿಲ್ಲ ಎಂದು ಹೊರಟುಹೋದರು. ಇಂಜಿನ್ನಿನಿಂದ ದೂರ ಮಾಡಿದರೆ ದೊಡ್ಡಮ್ಮ ಉಳಿಯುವವಳಲ್ಲ.

ಮರುದಿನ ಅವಳು ಸಲಾಕೆಯನ್ನು ಎತ್ತಿ ತಂದು ಬಾಗಿಲ ಮುಂದೆ ನೆಲಕ್ಕೆ ಹಾಕಿ, ಅದರ ಮೇಲೆ ಎರಡೂ ಕಾಲಿಟ್ಟು ಒಳಗೆ ಕೈ ಹಾಕಿದಳು. ಸಲಾಕೆ ಇಲ್ಲದೆ ಆ ಚಕ್ರ ಯಾರಪ್ಪನಿಗೂ ಜಗ್ಗುವುದಿಲ್ಲ. ಯಾರ ಕೈ ಒಳಗಿದೆಯೋ ಸಲಾಕೆ ಅವರ ಕಾಲಡಿಯಲ್ಲಿರಬೇಕು, ಹಿಮ್ಮಡಿಯಿಂದ ಎರಡು ಸಲ ಕುಟ್ಟಿದರೆ ತಡಿ ಎಂದರ್ಥ, ಕೂಗಾಟ ಇನ್ನು ಬೇಡ ಎಂದು ಹೇಳಿದಳು. ರಾತ್ರಿ ತಲೆದಿಂಬಿಗೂ ಒಯ್ಯಿರಿ ಎಂದು ಉದ್ದಣ್ಣ ಛೇಡಿಸಿದ. ಮಧ್ಯಾಹ್ನ ಒಳಗೆ ಕೈ ಹಾಕುವ ಸರದಿ ಅವನದೇ ಬಂತು. ಆಗ ಸಲಾಕೆಯನ್ನು ತನ್ನ ಕಾಲಡಿಗೆ ಎಳೆದುಕೊಂಡ.

ರಿಪೇರಿಯ ಕೊನೆಯ ದಿನ ಒಂದನೇ ಇಂಜಿನ್ ಬಿಸಿಯೇರತೊಡಗಿತು. ಟ್ಯಾಂಕಿಯಲ್ಲಿ ನೀರು ತಳ ಮುಟ್ಟಿತ್ತು, ಕಚೇರಿಯ ಫೋನು ಬಡಿದುಕೊಳ್ಳುತ್ತಿತ್ತು. ಸೂಪರಿಂಟೆಂಡೆಂಟ್ ಓಡಿಬಂದು, ಬೇಗ ತಿರುಗಿಸು, ಮುಚ್ಚು ಎಂದು ಉದ್ದಣ್ಣನಿಗೆ ಸನ್ನೆ ಮಾಡಿದರು. ಅವನು ಖಾಲಿ ಕೈ ತೋರಿಸಿದ. ಅವರು ಈಚೆ ಬಂದರು. ದೊಡ್ಡಮ್ಮನ ತಲೆ, ಕೈ ಎರಡೂ ಇಂಜಿನ್ನಿನ ಒಳಗಿದ್ದವು. ಅವರು ತಾವೇ ಬಗ್ಗಿ ಸಲಾಕೆ ಹಿಡಿದು ಎಳೆದರು.

ಅವಳು ನೋಡಲಿಲ್ಲ, ಕೇಳಲಿಲ್ಲ. ಪಾದ ಮಾತ್ರ ಬಿಗಿಯಾಯಿತು. ಹಿಮ್ಮಡಿ ಎರಡು ಸಲ ಕುಟ್ಟಿತು.

ಸೂಪರಿಂಟೆಂಡೆಂಟ್ ಸಲಾಕೆ ಹಿಡಿದುಕೊಂಡೇ ನಿಂತರು, ಎಳೆಯಲಿಲ್ಲ. ಕೊನೆಯ ಬೋಲ್ಟು ಬಿಗಿದು ಅವಳು ಹೊರಗೆ ಬಂದಳು. ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು ಕಾಲು ತೆಗೆದಳು.

"ಈಗ ತಗೊಳ್ಳಿ," ಎಂದಳು. "ಸ್ಟೋರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅವರು ಏನೋ ಅಂದರು. ಆ ಸದ್ದಿನಲ್ಲಿ ನನಗೂ ಕೇಳಿಸಲಿಲ್ಲ, ದೊಡ್ಡಮ್ಮ ಅವರ ತುಟಿಯ ಕಡೆ ನೋಡಲೇ ಇಲ್ಲ. ಅವಳು ಚಕ್ರದ ಕಡೆ ಕೈ ತೋರಿಸಿದಳು. ಸೂಪರಿಂಟೆಂಡೆಂಟ್ ಸಲಾಕೆಯನ್ನು ಹೆಗಲಿಗೇರಿಸಿಕೊಂಡು ಅತ್ತ ನಡೆದರು.