ಬಜೆಟ್ ಬರುವವರೆಗಿನ ನೀರು

ಮನೆಗೆ ನೀರಿನ ಫಿಲ್ಟರ್ ಬರಬೇಕಾದರೆ ಮೊದಲು ದಿಲ್ಲಿಯಲ್ಲಿ ಬಜೆಟ್ ಮಂಡನೆಯಾಗಬೇಕೆಂಬ ನಿಯಮ ಬೇರೆ ಯಾರ ಮನೆಯಲ್ಲೂ ಇರಲಿಕ್ಕಿಲ್ಲ. ನಮ್ಮಲ್ಲಿತ್ತು. ನನ್ನವರು ನಮ್ಮೂರಿನ ಆಲ್ಕೊಳ ಸರ್ಕಲ್ಲಿನ ಹತ್ತಿರ ಪುಟ್ಟ ಆಫೀಸು ಇಟ್ಟುಕೊಂಡು ಅಡಿಕೆ ವ್ಯಾಪಾರಿಗಳ, ಮೇಷ್ಟ್ರುಗಳ ಆದಾಯ ತೆರಿಗೆಯ ವ್ಯವಹಾರ ನೋಡಿಕೊಳ್ಳುವವರು. ತೆರಿಗೆಯಲ್ಲಿ ಕಳೆಯಲಾಗದ ಸಾಮಾನು ಕೊಳ್ಳುವಾಗ ಅವರ ಮುಖ ಹಾಗಲಕಾಯಿ ತಿಂದಂತಾಗುತ್ತದೆ.

ಚಳಿ ಶುರುವಾಗುವ ಹೊತ್ತಿಗೆ, ಭದ್ರಾವತಿಯ ಜನ್ನಾಪುರದಲ್ಲಿ ನನ್ನ ತಮ್ಮನ ಜೊತೆಗಿರುವ ಅಮ್ಮನಿಗೆ ಕಿಡ್ನಿಯಲ್ಲಿ ಕಲ್ಲು ಕಾಣಿಸಿಕೊಂಡಿತು. ನೋವು ಬಂದಾಗ ಗೋಡೆ ಹಿಡಿದು ಕೂತುಬಿಡುತ್ತಿದ್ದಳು. ಅಲ್ಲಿ ಕುಡಿಯುವುದಕ್ಕೆ ಬೋರ್ ನೀರು. ಪಾತ್ರೆಗಳಿಗೆಲ್ಲ ಬಿಳಿ ಪೊರೆ ಕಟ್ಟುತ್ತಿತ್ತು. ಡಾಕ್ಟರು, "ನೀರು ಬದಲಾಯಿಸಿ, ಚೆನ್ನಾಗಿ ಕುಡಿಸಿ. ಹೀಗೇ ಇದ್ರೆ ಆಪರೇಷನ್ನೇ ಗತಿ" ಎಂದರು.

ಅವತ್ತೇ ಅಲ್ಲಿಗೊಂದು ಫಿಲ್ಟರ್ ಹಾಕಿಸೋಣ ಎಂದೆ. ಆದರೆ ನನ್ನವರ ಫೋನಿಗೊಂದು ಮೆಸೇಜು ಬಂದಿತ್ತು. ಮನೆಗೆ ಫಿಲ್ಟರ್ ಹಾಕಿಸುವವರಿಗೆ ಬರುವ ಬಜೆಟ್ಟಿನಲ್ಲಿ ತೆರಿಗೆ ರಿಯಾಯಿತಿ ಇದೆಯಂತೆ.

"ಸ್ವಲ್ಪ ತಡಿ ಮಾರಾಯ್ತಿ. ಈಗ ತಗೊಂಡ್ರೆ ರಿಯಾಯಿತಿ ಸಿಗಲ್ಲ."

"ಯಾರು ಹೇಳಿದ್ದು?"

"ಗ್ರೂಪಲ್ಲಿ ಬಂದಿದೆ."

ಊರಿಗೆಲ್ಲ ಕಾನೂನು ಹೇಳುವ ಮನುಷ್ಯ ಗ್ರೂಪಿನ ಮಾತಿಗೆ ಬಿದ್ದದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ನನ್ನ ಸಂಬಳದಲ್ಲೇ ತಂದುಬಿಡುತ್ತಿದ್ದೆ, ಅಮ್ಮ ಒಪ್ಪಬೇಕಲ್ಲ. "ಅಳಿಯಂದ್ರು ತಡೀರಿ ಅಂದ್ಮೇಲೆ ಅವ್ರ ಮಾತು ಮೀರೋದು ಬೇಡ ಕಣೆ" ಎಂದಳು. ಅಂಗಡಿಯ ಕ್ಯಾನ್ ನೀರನ್ನು ಯಾರು ಮುಟ್ಟಿ ತುಂಬಿದ್ದೋ ಎಂದು, ಮಡಿಯವಳಾದ ಅವಳು ಅದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಕೊನೆಗೆ ನಮ್ಮ ಮನೆಯ ಹಳೆಯ ಫಿಲ್ಟರಿನ ನೀರನ್ನೇ ಸ್ಟೀಲ್ ಕ್ಯಾನಿಗೆ ತುಂಬಿ, ಶಾಲೆ ಮುಗಿಸಿಕೊಂಡು ಭದ್ರಾವತಿ ಬಸ್ಸು ಹತ್ತತೊಡಗಿದೆ. "ಭದ್ರಾ ಹೊಳೆ ಬತ್ತೋಯ್ತಾ ಮೇಡಂ?" ಎಂದು ಕಂಡಕ್ಟರು ಕಾಲೆಳೆಯುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಪಾಠ ಮಾಡುವಾಗಲೂ ತಲೆಯಲ್ಲಿ ಅದೇ: ಅಮ್ಮ ಇವತ್ತು ನೀರು ಕುಡಿದಳೋ ಇಲ್ಲವೋ, ನೋವು ಬಂತೋ ಏನೋ. ಹೊತ್ತಲ್ಲದ ಹೊತ್ತಿನಲ್ಲಿ ತಮ್ಮನ ಫೋನ್ ಬಂದರೆ ಪಾಠ ಬಿಟ್ಟು ಹೊರಗೋಡುತ್ತಿದ್ದೆ. ನಾನು ಹೋದಾಗೆಲ್ಲ ಹಿಂದಿನ ಕ್ಯಾನು ಖಾಲಿಯಾಗಿರುತ್ತಿತ್ತು, ನೋವು ಮಾತ್ರ ಇದ್ದ ಹಾಗೇ ಇತ್ತು. "ಕುಡೀತಿದೀಯಾ ಅಮ್ಮ?" ಎಂದರೆ "ಹೂಂ ಕಣೆ" ಎನ್ನುತ್ತಿದ್ದಳು. ಹಾಗಾದರೆ ಯಾಕೆ ಕಡಿಮೆಯಾಗುತ್ತಿಲ್ಲ ಎಂದು ನಾನೇ ಒದ್ದಾಡುತ್ತಿದ್ದೆ.

ಅಂತೂ ಬಜೆಟ್ ಬಂತು. ನನ್ನವರು ಕುರ್ಚಿ ಎಳೆದುಕೊಂಡು ಟಿವಿಯ ಮುಂದೆ ಕೂತರು. ಭಾಷಣ ಮುಗಿಯಿತು, ಫಿಲ್ಟರಿನ ಸುದ್ದಿಯೇ ಇಲ್ಲ. "ಒಳಗಡೆ ಎಲ್ಲಾದ್ರೂ ಇರತ್ತೆ, ಮಸೂದೆ ಪೂರ್ತಿ ಓದ್ಬೇಕು" ಎಂದರು. ಮರುದಿನ ಬೆಳಿಗ್ಗೆ ಕ್ಯಾನು ತುಂಬಿ ಅವರ ಕೈಗೇ ಕೊಟ್ಟೆ. "ಬನ್ನಿ, ಏನು ಬಂತು ಅಂತ ಅಮ್ಮಂಗೆ ನೀವೇ ಹೇಳಿ."

ನಾವು ಹೋದಾಗ ಅಮ್ಮ ಪೂಜೆಗೆ ಕೂತಿದ್ದಳು. ಪಕ್ಕದಲ್ಲಿ ನಾನು ಹಿಂದಿನ ಸಲ ತಂದಿದ್ದ ಕ್ಯಾನು. ಅದರಿಂದ ಚೊಂಬಿಗೆ ಬಗ್ಗಿಸಿಕೊಂಡು ಹಿತ್ತಾಳೆಯ ಗಣಪತಿಗೆ ಅಭಿಷೇಕ ಮಾಡುತ್ತಿದ್ದಳು. ಹರಿವಾಣ ತುಂಬಿ, ಬಕೆಟ್ಟು ಸೇರಿ, ನೀರೆಲ್ಲ ತುಳಸಿಕಟ್ಟೆಗೆ ಹೊರಟಿತ್ತು. ಅಡುಗೆಮನೆಗೆ ಹೋಗಿ ನೋಡಿದೆ. ಅವಳು ಕುಡಿಯುವ ಕೊಡದಲ್ಲಿದ್ದದ್ದು ಬೋರ್ ನೀರೇ.

"ದೇವ್ರಿಗೆ ಕಿಡ್ನಿ ಇದೆಯೇನಮ್ಮ? ನಾನು ಹೊತ್ಕೊಂಡು ಬಂದಿದ್ದು ಯಾರಿಗೆ?" ನನ್ನ ದನಿ ಏರಿಹೋಯಿತು.

"ಮನೇಲಿ ಒಳ್ಳೇ ನೀರಿಟ್ಕೊಂಡು ದೇವ್ರಿಗೆ ಬೋರ್ ನೀರು ಹಾಕ್ಲೇನೆ? ತೀರ್ಥ ನಾನೂ ತಗೋತೀನಲ್ಲ." ಆಮೇಲೆ ನನ್ನವರ ಕಡೆ ತಿರುಗಿದಳು. "ಹರಕೆ ಹೊತ್ತಿದ್ದೆ. ಅಷ್ಟು ಆಸೆಯಿಂದ ಕಾಯ್ತಿದ್ರಲ್ಲ ನೀವು, ಆ ರಿಯಾಯಿತಿ ಬರ್ಲಿ ಅಂತ. ಬಂತಾ?"

"ಇಲ್ಲ ಅತ್ತೆ" ಎಂದರು ನನ್ನವರು.

"ಹೋಗ್ಲಿ ಬಿಡಿ, ಮುಂದಿನ ವರ್ಷ ಬರತ್ತೆ. ಅಲ್ಲೀವರೆಗೂ ನಾನು ಅಭಿಷೇಕ ಬಿಡಲ್ಲ."

ಹಾಗೆನ್ನುತ್ತಲೇ ಮತ್ತೊಂದು ಚೊಂಬು ತುಂಬಿ ಎತ್ತಿದಳು. ಕೈ ಅರ್ಧಕ್ಕೇ ನಿಂತಿತು, ಇನ್ನೊಂದು ಕೈ ಸೊಂಟ ಹಿಡಿಯಿತು. ನನ್ನವರು ಅವಳ ಮಡಿಯನ್ನೂ ನೋಡದೆ ಮುಂದೆ ಹೋಗಿ, ಆ ಚೊಂಬನ್ನು ತೆಗೆದುಕೊಂಡು ಅವಳ ಬಾಯಿಗೆ ಹಿಡಿದರು.

"ಫಿಲ್ಟರ್ ಇವತ್ತೇ ಬರತ್ತೆ ಅತ್ತೆ" ಎಂದರು. "ಮೊದ್ಲು ನೀವು ಕುಡೀರಿ."