ಸೇಡಿನ ಪಾತ್ರ ಕಸಿದುಕೊಂಡ ಮೇಷ್ಟ್ರು

ನಮ್ಮ ನಾಟಕದ ಮೇಷ್ಟ್ರ ಕಿವಿಯ ಹಿಂದೆ ಸದಾ ಒಂದು ಗೆರೆ ಬಣ್ಣ ಉಳಿದಿರುತ್ತಿತ್ತು. ಎಷ್ಟು ತೊಳೆದರೂ ಹೋಗದ ಆ ಕೆಂಪಿನೊಂದಿಗೇ ಅವರು ಸಾಗರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಸಂಜೆ ಅದೇ ಕೊಠಡಿಯಲ್ಲಿ ಬೆಂಚು ಸರಿಸಿ ನಮಗೆ ತಾಲೀಮು. "ಹುಚ್ಚು ಹತ್ತಿಸ್ಕೊಳ್ಳೋದು ಸುಲಭ, ಇಳಿಸ್ಕೊಳ್ಳೋದು ಕಲೀರಿ" ಎಂದು ಎಲ್ಲರಿಗೂ ಹೇಳುತ್ತಿದ್ದರು.

ಆ ವರ್ಷ ಆಡಹೊರಟಿದ್ದು ಒಂದು ಹಳೆಯ ದುರಂತ ನಾಟಕ. ಅಪ್ಪನನ್ನು ಕೊಂದು ಪಟ್ಟವೇರಿದ ಚಿಕ್ಕಪ್ಪನ ಮೇಲೆ ಹಗೆ ಸಾಧಿಸುತ್ತಾ ಬುದ್ಧಿ ಕೆಡಿಸಿಕೊಳ್ಳುವ ರಾಜಕುಮಾರ ನಾನು. ನನಗೆ ನಟಿಸುವ ಕಷ್ಟವೇ ಇರಲಿಲ್ಲ. ಅಪ್ಪ ಕಟ್ಟಿದ ಹೋಟೆಲನ್ನು ನನ್ನ ಸ್ವಂತ ಚಿಕ್ಕಪ್ಪ ತನ್ನ ಹೆಸರಿಗೆ ಮಾಡಿಕೊಂಡಿದ್ದ. ಅದೇ ಕೊರಗಿನಲ್ಲಿ ಅಪ್ಪ ತೀರಿಕೊಂಡಿದ್ದರು. ಊರಿಗೆಲ್ಲ ಗೊತ್ತಿದ್ದದ್ದು ಮೇಷ್ಟ್ರಿಗೂ ಗೊತ್ತಿತ್ತು. ಆದರೆ ನಾಟಕದ ಆಸೆ ಅವರ ಕಣ್ಣಿಗೆ ಮಣ್ಣೆರಚಿತ್ತು. ನನ್ನ ಸಿಟ್ಟನ್ನೇ ಪ್ರತಿಭೆ ಎಂದುಕೊಂಡು ತೀರ್ಥಹಳ್ಳಿಯವರೆಗೂ ಹೊಗಳಿಕೊಂಡು ಬಂದರು.

ಒಂದು ಸಂಜೆ ಮರದ ಚೂರಿ ಹುಡುಕುತ್ತಾ ಅವರು ನನ್ನ ಚೀಲಕ್ಕೆ ಕೈ ಹಾಕಿದರು. ಸಿಕ್ಕಿದ್ದು ನಿಜವಾದ ಕತ್ತಿ. ತಾಲೀಮು ಮುಗಿಸಿ ನಾನು ಹೋಗಲಿದ್ದದ್ದು ಆ ಹೋಟೆಲಿಗೆ. ಮೇಷ್ಟ್ರಿಗೆ ಅದು ಕೇಳದೆಯೇ ತಿಳಿಯಿತು. ಬೈಯಲಿಲ್ಲ. "ಇನ್ನು ನೀ ರಾಜಕುಮಾರ ಅಲ್ಲ ಮಾರಾಯ, ಆ ಚಿಕ್ಕಪ್ಪ. ದಿನಾ ಸಾಯಿ" ಎಂದರು. ಕತ್ತಿಯನ್ನು ಮರಳಿ ಕೊಡಲೇ ಇಲ್ಲ. ಅವರ ಮನೆಯಲ್ಲಿ ಅದು ಹಲಸಿನಕಾಯಿ ಕೊಚ್ಚುತ್ತಿತ್ತಂತೆ.

ನಾನು ಹಲ್ಲು ಕಚ್ಚಿಕೊಂಡು ದಿನಾ ಸತ್ತೆ. ಬಿದ್ದಲ್ಲಿಂದ ಕೊಲ್ಲುವವನ ಮುಖ ಕಾಣುತ್ತಿತ್ತು. ರಾಜಕುಮಾರನ ಪಾತ್ರ ಈಗ ಮಾಡುತ್ತಿದ್ದವನು ನನ್ನ ಗೆಳೆಯನೇ, ಪಾಪದವನು. ಆದರೂ ಆ ಗಳಿಗೆಯಲ್ಲಿ ಸೇಡು ತುಂಬಿದ ಅವನ ಮುಖ ನೋಡಲಾಗುತ್ತಿರಲಿಲ್ಲ. ಒಂದು ಸಂಜೆ ಹಾಗೆ ಬಿದ್ದಿದ್ದಾಗ, ಚಿಕ್ಕವನಿದ್ದ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ವರದಹಳ್ಳಿಗೆ ಕರೆದೊಯ್ದ ಚಿಕ್ಕಪ್ಪ ನೆನಪಾಗಿಬಿಟ್ಟ. ಏಳಲಾಗದೆ ಅತ್ತುಬಿಟ್ಟೆ. ಮೇಷ್ಟ್ರು ಉಳಿದವರನ್ನು ಹೊರಗೆ ಕಳಿಸಿ ನನ್ನ ಪಕ್ಕ ನೆಲದ ಮೇಲೆ ಕೂತರು. ಆ ರಾಜಕುಮಾರನ ಪಾತ್ರ ನಿನಗೆ ಕೊಡಬಾರದಿತ್ತು, ತಪ್ಪು ನನ್ನದು ಎಂದರು. ಆಮೇಲೆ ಮೆಲ್ಲಗೆ, "ಸಿಟ್ಟು ಇರ್ಲಿ, ಅದು ನ್ಯಾಯದ್ದೇ. ಹೋಟ್ಲಂತೂ ತಗೊಂಡ. ನಿನ್ನ ಜೀವನಾನೂ ಅವನಿಗೇ ಕೊಡ್ತೀಯಾ?"

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಅವರ ಅಂಗಳದಲ್ಲಿ ಚಿಕ್ಕಪ್ಪನೂ ಬಂದು ನಿಂತಿದ್ದ, ನೆರೆತ ತಲೆ, ಕೈಯಲ್ಲೊಂದು ಕೋಲು. ನಮ್ಮಲ್ಲಿ ಇವತ್ತಿಗೂ ಮಾತಿಲ್ಲ, ನಾನು ಕ್ಷಮಿಸಿಲ್ಲ. ಯಾರೋ ಅವನಿಗೆ, ಮೇಷ್ಟ್ರು ನಿಮಗೆ ಪರಿಚಯವೇ ಎಂದು ಕೇಳಿದರು. ಅಷ್ಟೇನಿಲ್ಲ, ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದರು ಎಂದ. ಆ ಕತ್ತಿಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ನಾನು ಮುಂದೆ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟೆ.